ಗೌರವ್ವ ಕಚ್ಚಿದ ಸೆಲ್ಲು

ನನ್ನ ಮೈ ಹಿತ್ತಾಳೆಯದು. ಮೊದಲು ಅದು ಎಲೆಅಡಿಕೆ ಡಬ್ಬಿಯಾಗಿತ್ತು. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ವಿಠ್ಠಲಸಾ ತನ್ನ ಅಜ್ಜಿಯ ಆ ಡಬ್ಬಿಯನ್ನು ತಿಕ್ಕಿ ತೊಳೆದು, ಅದರೊಳಗೆ ನನ್ನನ್ನು ಕಟ್ಟಿದ. ಎಷ್ಟು ತಿಕ್ಕಿದರೂ ಒಂದು ಮೂಲೆಯಲ್ಲಿ ಚೂರು ಸುಣ್ಣ ಉಳಿದೇಬಿಟ್ಟಿತು. ಇವತ್ತಿಗೂ ಬಿಸಿಲಿಗೆ ಮೈ ಕಾದರೆ ನನ್ನೊಳಗಿಂದ ಏಲಕ್ಕಿ ವಾಸನೆ ಬರುತ್ತದೆ.

ನಾನು ಯಾರೆಂದು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ಮನೆ ತಲೆ ಕೆರೆದುಕೊಳ್ಳುತ್ತೀರಿ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಕಾಲಬುಡದಲ್ಲಿ ಇಟ್ಟುಕೊಂಡು ತುಳಿಯುತ್ತಾರಲ್ಲ, ಆ ಪೆಡಲ್ ನಾನು. ಗಿಟಾರಿನ ವೈರು ನನ್ನ ಒಂದು ಕಿವಿಯಿಂದ ಒಳಗೆ ಬರುತ್ತದೆ, ಇನ್ನೊಂದು ಕಿವಿಯಿಂದ ಸ್ಪೀಕರಿಗೆ ಹೋಗುತ್ತದೆ. ನನ್ನ ನೆತ್ತಿಯ ಗುಂಡಿ ಒತ್ತುವವರೆಗೆ ಗಿಟಾರು ಬೀಗರ ಮನೆಗೆ ಬಂದವರ ಹಾಗೆ ಮೆಲ್ಲಗೆ ಟಿಣ್ ಟಿಣ್ ಅನ್ನುತ್ತಿರುತ್ತದೆ. ಒತ್ತಿದಿರೋ, ಅದೇ ನಾದ ಹರಿದು, ಕೆರಳಿ, ಕಿಟಕಿಯ ಗಾಜು ಅಲುಗಿಸುತ್ತದೆ. ಅಷ್ಟು ಮಾಡುವುದು ನನ್ನ ಕೆಲಸ, ಅದನ್ನು ಮಾಡುವಾಗ ನನಗಾಗುವ ಖುಷಿ ಹೇಳತೀರದು.

ವಿಠ್ಠಲಸಾ ಒಂದು ಸತ್ತ ರೇಡಿಯೊ ಬಿಚ್ಚಿ, ಅದರ ಎರಡು ಹಳೇ ಟ್ರಾನ್ಸಿಸ್ಟರ್ ಕಿತ್ತು ನನಗೆ ಹಾಕಿದ. ದೊಡ್ಡ ಊರಿನ ಪೆಡಲುಗಳಿಗೆ ಚೌಕನೆಯ ಬ್ಯಾಟರಿ ಬೇಕು. ಅದನ್ನು ಹುಡುಕಿಕೊಂಡು ಯಾರು ಅಲೆಯುತ್ತಾರೆ ಎಂದು ಅವನು ಕಿರಾಣಿ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ ಆರು ಹಿಡಿಯುವ ಗೂಡೊಂದನ್ನು ನನ್ನ ಹೊಟ್ಟೆಯಲ್ಲಿ ಕೂಡಿಸಿದ. ಈ ಆರು ಸೆಲ್ಲುಗಳನ್ನು ನೆನಪಿಟ್ಟುಕೊಳ್ಳಿ. ನನ್ನ ಜಾತಕವೆಲ್ಲ ಅವುಗಳಲ್ಲೇ ಇದೆ.

ನನ್ನನ್ನು ಹೇಳಿ ಮಾಡಿಸಿಕೊಂಡವಳು ಕಸ್ತೂರಿ ಬಳಿಗಾರ. ಅವಳ ತಾಯಿ ಗೌರವ್ವ ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡು ಊರ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸುತ್ತಿದ್ದಳು. ಸ್ವಂತ ಮಗಳ ಕೈ ಮಾತ್ರ ಬರಿದು. ಬಳೆ ತೊಟ್ಟರೆ ತಂತಿಗೆ ತಾಗುತ್ತದೆಂದು ಕಸ್ತೂರಿ ತೊಡುತ್ತಿರಲಿಲ್ಲ, ಅದಕ್ಕೆ ಗೌರವ್ವ ದಿನಕ್ಕೊಮ್ಮೆಯಾದರೂ ಬೈಯದೆ ಬಿಡುತ್ತಿರಲಿಲ್ಲ. ವಿಠ್ಠಲಸಾನ ಅಂಗಡಿಯಲ್ಲಿ ಮೊದಲ ಸಲ ಕಸ್ತೂರಿ ನನ್ನ ಗುಂಡಿ ಒತ್ತಿ ತಂತಿ ಎಳೆದಾಗ ಪಕ್ಕದ ಚಹಾ ಅಂಗಡಿಯ ಗ್ಲಾಸುಗಳು ಗಲಗಲ ಅಂದವು. ವಿಠ್ಠಲಸಾ ಕಿವಿ ಮುಚ್ಚಿಕೊಂಡು ನಕ್ಕ.

"ಇದಕ್ಕ ಬಾಯಿ ಬಂತು ನೋಡವಾ," ಅಂದ. "ಇನ್ನ ಮುಚ್ಚಸೋದು ನನ್ನ ಕೈಯಾಗ ಇಲ್ಲ, ನಿನ್ನ ಕಾಲಾಗ ಐತಿ."

ನೆಲದ ಮೇಲೆ ಬಾಳುವ ನಾನು ಜನರನ್ನು ಮುಖದಿಂದ ಗುರುತಿಸುವುದಿಲ್ಲ, ಪಾದದಿಂದ ಗುರುತಿಸುತ್ತೇನೆ. ಕಸ್ತೂರಿ ಚಪ್ಪಲಿ ಕಳಚಿಟ್ಟು ಬರಿಗಾಲ ಹೆಬ್ಬೆರಳಿನಿಂದ ನನ್ನನ್ನು ಒತ್ತುತ್ತಿದ್ದಳು. ಸಿಟ್ಟು ಬಂದಾಗ ಹಿಮ್ಮಡಿ. ಅವಳ ಬ್ಯಾಂಡಿನ ಹೆಸರು 'ಕರಿ ಎಂಜಿನ್'. ಹೆವಿ ಮೆಟಲ್ ಎಂಬ ಗುಡುಗುಮಿಂಚಿನ ಸಂಗೀತ ಅವರದು. ಬ್ಯಾಂಡಿನಲ್ಲಿ ಇದ್ದದ್ದು ಮೂರೇ ಜನ. ಡ್ರಮ್ಸ್ ಬಾರಿಸುವ ರೊಸಾರಿಯೊ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಅವನ ಬೂಟಿನ ಮೂತಿಗೆ ಕಬ್ಬಿಣ, ಅಟ್ಟೆಗೆ ಗ್ರೀಸು. ಹಾಡುತ್ತ ಬೇಸ್ ಗಿಟಾರ್ ನುಡಿಸುವವನು ಮಕ್ತುಂ ನದಾಫ್. ಮನೆಯವರದು ಗಾದಿ ತುಂಬುವ ಕಸುಬು, ಹಾಗಾಗಿ ಅವನ ಚಪ್ಪಲಿಗೆ ಯಾವಾಗಲೂ ಒಂದೆಳೆ ಅರಳೆ ಅಂಟಿಕೊಂಡಿರುತ್ತಿತ್ತು. ಇವರು ರಿಯಾಜು ಮಾಡುತ್ತಿದ್ದದ್ದೂ ನದಾಫರ ಗೋದಾಮಿನಲ್ಲೇ. ನಾಲ್ಕೂ ಗೋಡೆಗೆ ಗಾದಿ ನಿಲ್ಲಿಸಿದರೆ ಎಷ್ಟು ಅರಚಿದರೂ ಓಣಿಯವರಿಗೆ ಕೇಳುತ್ತಿರಲಿಲ್ಲ.

ಮಕ್ತುಂ ಹಾಡುತ್ತಿದ್ದ ಅನ್ನುವುದಕ್ಕಿಂತ ಗರ್ಜಿಸುತ್ತಿದ್ದ ಅನ್ನಬೇಕು. ಗರ್ಜನೆಗೆ ಮುಂಚೆ ಅವನ ಎರಡೂ ಹಿಮ್ಮಡಿ ನೆಲ ಬಿಟ್ಟು ಏಳುತ್ತಿದ್ದವು. ತುದಿಗಾಲಲ್ಲಿ ನಿಂತು, ಹೊಟ್ಟೆಯ ತಳದಿಂದ ದನಿ ಎಳೆದು ಎಸೆಯುತ್ತಿದ್ದ. ಆ ಹಿಮ್ಮಡಿ ಎದ್ದದ್ದು ಕಂಡರೆ ಸಾಕು, ನಾನೂ ತಯಾರಾಗುತ್ತಿದ್ದೆ. ಅವನು ಕೂಗುವುದು, ನಾನು ಒದರುವುದು, ರೊಸಾರಿಯೊ ಗುದ್ದುವುದು. ಧಾರವಾಡ, ಗದಗ, ಬೆಳಗಾವಿ, ಎಲ್ಲ ಕಾಲೇಜುಗಳ ವಾರ್ಷಿಕ ಗ್ಯಾದರಿಂಗಿಗೂ ನಮ್ಮನ್ನು ಕರೆದರು. ಎರಡು ಆಲ್ಬಂ ಬಂದವು. ಎರಡರಲ್ಲೂ ಮೊದಲ ಸೆಕೆಂಡಿನಿಂದ ಕೊನೆಯ ಸೆಕೆಂಡಿನವರೆಗೆ ನಾನೇ ನಾನು. ಆ ದಿನಗಳಲ್ಲಿ ನನ್ನ ಸೊಕ್ಕು ನೋಡಬೇಕಿತ್ತು.

ಆರನೆಯ ವರ್ಷ ಧಾರವಾಡದ ಒಂದು ಕಾಲೇಜಿನ ಅಂಗಳದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಮಕ್ತುಂನ ಹಿಮ್ಮಡಿ ಎದ್ದವು. ನಾನು ಒದರಿದೆ. ಗರ್ಜನೆ ಬರಲಿಲ್ಲ. ಬಟ್ಟೆ ಹರಿದಂಥ ಒಂದು ಸದ್ದು ಬಂತು, ಅಷ್ಟೆ. ಹಿಮ್ಮಡಿಗಳು ಮೆಲ್ಲಗೆ ಇಳಿದವು. ಅವನು ಕೆಮ್ಮಿ ಕರವಸ್ತ್ರ ಬಾಯಿಗೆ ಹಿಡಿದುಕೊಂಡಾಗ ಕಸ್ತೂರಿಯ ಬೆರಳು ನನ್ನನ್ನು ಒತ್ತಿ ಬಾಯಿ ಮುಚ್ಚಿಸಿತು.

ಗಂಟಲಲ್ಲಿ ಗಂಟು ಬಿದ್ದಿವೆ ಅಂದರು ಡಾಕ್ಟರು. ಮೂರು ತಿಂಗಳು ಮಾತೇ ಆಡಬಾರದು. ಆಮೇಲೆ ಬೇಕಾದರೆ ಮೆಲ್ಲಗೆ ಹಾಡಬಹುದು, ಅದೂ ದಿನಕ್ಕೆ ಅರ್ಧ ಗಂಟೆ. ಕೂಗಿದರೆ ಮಾತ್ರ ದನಿ ಹೋದದ್ದು ಮತ್ತೆ ಬರುವುದಿಲ್ಲ. ಮೂರು ತಿಂಗಳು ಮಕ್ತುಂ ಮಕ್ಕಳು ಅಕ್ಷರ ತಿದ್ದುವ ಒಂದು ಪಾಟಿ ಹಿಡಿದುಕೊಂಡು ಓಡಾಡಿದ. ಗಾದಿ ಕೊಳ್ಳಲು ಬಂದವರಿಗೂ ಪಾಟಿಯಲ್ಲೇ ಉತ್ತರ. ಮೂರು ತಿಂಗಳು ಮುಗಿದ ದಿನ ಗೋದಾಮಿಗೆ ಬಂದು, ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿರಲು, ಒಂದು ಸಾಲು ಹಾಡಿದ. ಹೊಸ ದನಿ ತೆಳ್ಳಗಿತ್ತು, ನುಣ್ಣಗಿತ್ತು, ಯಾರದೋ ಅನ್ನಿಸುವಂತಿತ್ತು. ರೊಸಾರಿಯೊನ ಬೂಟು ನೆಲವನ್ನು ಕೆರೆಯಿತು.

ರೊಸಾರಿಯೊ ಕೆಟ್ಟವನಲ್ಲ, ಒಳಗೊಂದು ಹೊರಗೊಂದು ಇಟ್ಟುಕೊಳ್ಳಲು ಬಾರದವನು. ಬೆಳಗಾವಿಯಲ್ಲಿ ಒಬ್ಬ ಚೆನ್ನಾಗಿ ಗರ್ಜಿಸುತ್ತಾನೆ, ಅವನನ್ನು ಕರೆಸೋಣ, ಮಕ್ತುಂ ಬೇಸ್ ನುಡಿಸಿಕೊಂಡಿರಲಿ ಎಂದು ನೇರವಾಗಿ ಹೇಳಿಬಿಟ್ಟ. ಮೂರನೆಯ ಆಲ್ಬಮ್ಮಿಗೆ ಸ್ಟುಡಿಯೊ ಹತ್ತು ದಿನಕ್ಕೆ ಗೊತ್ತುಮಾಡಿ ಆಗಿತ್ತು. ಕಸ್ತೂರಿ ಒಪ್ಪಲಿಲ್ಲ. ಈ ಸಲ ಕೂಗುವ ಹಾಡೇ ಬೇಡ, ರಾಗ ಇರುವ ಹಾಡು ಮಾಡೋಣ, ಮಕ್ತುಂನ ಈ ದನಿಗೆ ಹೊಂದುವ ಹಾಡು ಮಾಡೋಣ ಅಂದಳು. ಮೆಟಲ್ ಬ್ಯಾಂಡು ಜೋಗುಳ ಹಾಡಿದರೆ ಜನ ಕಲ್ಲು ಹೊಡೆಯುತ್ತಾರೆ ಎಂದು ರೊಸಾರಿಯೊ. ಇಬ್ಬರ ಜಗಳ ಏರುತ್ತಿದ್ದಾಗ ಮಕ್ತುಂನೇ ನಡುವೆ ಬಂದ.

"ಹತ್ತು ದಿನ ಕೊಡ್ರಿ," ಅಂದ. "ಹತ್ತನೇ ದಿನಕ್ಕೂ ಈ ದನಿ ಹಾಡಿಗೆ ಕೂಡ್ಲಿಲ್ಲಂದ್ರ ನಾನ ಮೈಕ್ ಬಿಟ್ಟು ಇಳೀತೀನಿ. ನೀವ್ಯಾರೂ ನನ್ನ ಇಳಸೂದು ಬ್ಯಾಡ."

ನಿಜ ಹೇಳುತ್ತೇನೆ, ನಾನು ಆಗ ರೊಸಾರಿಯೊನ ಪಕ್ಷ. ರಾಗವಂತೆ, ಮೆಲುದನಿಯಂತೆ! ಒದರಲೆಂದೇ ಹುಟ್ಟಿದ ನನ್ನನ್ನು ಅಂಥ ಹಾಡಿನಲ್ಲಿ ಎಲ್ಲಿಡುತ್ತಾರೆ? ಮಕ್ತುಂನ ದನಿ ಉಳಿದರೆ ನನ್ನ ಬಾಯಿ ಮುಚ್ಚುತ್ತದೆ ಅನ್ನುವುದು ನನಗೆ ಸ್ಪಷ್ಟವಾಗಿತ್ತು. ಹೊಟ್ಟೆಕಿಚ್ಚಿನಿಂದ ಒಳಗೊಳಗೇ ಗೊರ್ ಅನ್ನುತ್ತಿದ್ದೆ.

ಸ್ಟುಡಿಯೊ ವಿದ್ಯಾನಗರದಲ್ಲಿತ್ತು. ಭಜನೆ, ಜಾನಪದ, ಸಣ್ಣಾಟದ ಪದ ರೆಕಾರ್ಡ್ ಮಾಡುವ ಜಾಗ. ಮಾಲೀಕ ಅಳಗವಾಡಿ ಸರ್ ಬೆಳಗ್ಗೆ ಭಜನಾ ಮಂಡಳಿಯವರನ್ನು ಮುಗಿಸಿ, ಹನ್ನೆರಡರಿಂದ ನಾಲ್ಕರವರೆಗೆ ನಮಗೆ ಬಿಟ್ಟುಕೊಡುತ್ತಿದ್ದರು. ಮೊದಲ ಮೂರು ದಿನ ಪೂರ್ತಿ ನೀರಲ್ಲಿ ಹೋಮ. ಕಸ್ತೂರಿ ನನ್ನನ್ನು ಒತ್ತದೆ ನುಡಿಸಿದರೆ ಹಾಡು ಉಪ್ಪಿಲ್ಲದ ಸಾರಾಗುತ್ತಿತ್ತು. ಒತ್ತಿದರೆ ನಾನು ಮಕ್ತುಂನ ದನಿಯನ್ನು ಒಂದೇ ತುತ್ತಿಗೆ ನುಂಗಿಬಿಡುತ್ತಿದ್ದೆ. ನುಂಗುವಾಗ ನನಗೆ ಪಾಪ ಅನ್ನಿಸುತ್ತಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮೂರನೆಯ ದಿನ ಸಂಜೆ ಕಸ್ತೂರಿ ನನ್ನನ್ನು ಮನೆಗೆ ತಂದು ತಾಯಿಯ ರೇಡಿಯೊ ಪಕ್ಕದಲ್ಲಿ ಕುಕ್ಕಿ, ಊಟ ಬೇಡವೆಂದು ಒಳಗೆ ಹೋದಳು.

ಇನ್ನು ಗೌರವ್ವನ ರೇಡಿಯೊ ಸಂಗತಿ. ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ಲು. ಮುಂಜಾನೆಯ ವಂದನಗೀತೆಯಿಂದ ಹಿಡಿದು ಅಂಗಡಿಗೆ ಹೊರಡುವವರೆಗೆ ಅದು ಹಾಡುತ್ತಿರಬೇಕು. ಸೆಲ್ಲು ಸೋತರೆ ಗೌರವ್ವ ಎಸೆಯುವವಳಲ್ಲ. ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಸಾಲಾಗಿ ಬಿಸಿಲಿಗಿಡುವಳು. ಕಾದ ಮೇಲೆ ಒಂದೊಂದನ್ನೂ ದವಡೆಗೆ ಹಿಡಿದು ಕಟಕ್ಕೆಂದು ಕಚ್ಚುವಳು. ಕಚ್ಚಿದರೆ ಒಳಗಿನ ಜೀವ ಮೇಲೆ ಬರುತ್ತದೆಂದು ಅವಳ ನಂಬಿಕೆ. ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಆ ನಂಬಿಕೆ ಇತ್ತು, ಮತ್ತು ಸೋತ ಸೆಲ್ಲುಗಳು ಇನ್ನೊಂದಿಷ್ಟು ಹೊತ್ತು ನಡೆಯುತ್ತಿದ್ದದ್ದೂ ನಿಜ.

ನಾಲ್ಕನೆಯ ದಿನ ಬೆಳಗ್ಗೆ ರೇಡಿಯೊ ಹಾಡಿನ ನಡುವೆ ಕುಯ್ಯೆಂದಿತು. ಗೌರವ್ವನ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಬೆನ್ನು ತೆರೆದು ನೋಡಿದರೆ ಆರು ಹೊಸ ಸೆಲ್ಲು ಮಿರಿಮಿರಿ ಮಿಂಚುತ್ತಿದ್ದವು. ಬರೇ ಒದರುವ ಡಬ್ಬಿಗೆ ಹೊಸ ಸೆಲ್ಲು ಯಾಕೆ ಬೇಕೆಂದು ಗೊಣಗಿಕೊಂಡು, ನಾಲ್ಕು ಎತ್ತಿ ರೇಡಿಯೊಕ್ಕೆ ಹಾಕಿಕೊಂಡಳು. ಖಾಲಿಯಾದ ನನ್ನ ಹೊಟ್ಟೆಗೆ ತಾನು ಬಿಸಿಲಿಗಿಟ್ಟು ಕಚ್ಚಿದ್ದ ನಾಲ್ಕು ಹಳೇ ಸೆಲ್ಲು ತುರುಕಿದಳು. ನಾನು ಎಷ್ಟು ಕೂಗಿಕೊಂಡರೇನು, ವೈರು ಸಿಕ್ಕಿಸದೆ ನನ್ನ ಮಾತು ಯಾರಿಗೂ ಕೇಳುವುದಿಲ್ಲ.

ಅವತ್ತು ಮಕ್ತುಂ ಸ್ಟುಡಿಯೊಗೆ ಬಂದದ್ದು ಹಾಡಲು ಅಲ್ಲ. ತನ್ನ ಬೇಸ್ ಗಿಟಾರನ್ನು ಗವಸಣಿಗೆ ಹಾಕತೊಡಗಿದ. ಹತ್ತು ದಿನ ಯಾಕೆ, ಮೂರೇ ದಿನಕ್ಕೆ ತಿಳಿಯಿತಲ್ಲ, ಬೆಳಗಾವಿಯವನಿಗೆ ಹೇಳಿಕಳಿಸಿರಿ ಅಂದ. ಅವನ ಚಪ್ಪಲಿ ಬಾಗಿಲ ಕಡೆ ತಿರುಗಿತ್ತು. ಕಸ್ತೂರಿ ಸಿಟ್ಟಿನಿಂದ ಹಿಮ್ಮಡಿಯಲ್ಲಿ ನನ್ನನ್ನು ಗುದ್ದಿ ತಂತಿ ಎಳೆದಳು.

ನಾನು ಒದರಲು ಬಾಯಿ ತೆರೆದೆ. ಮೈಯಲ್ಲಿ ಕಸುವಿರಲಿಲ್ಲ. ಉಪವಾಸ ಮಲಗೆದ್ದವರ ಹಾಗಾಗಿತ್ತು ನನಗೆ. ಬರಬೇಕಾದ ಅಬ್ಬರ ಬರಲಿಲ್ಲ. ಬದಲಿಗೆ ನಾದ ಒಂದು ಕ್ಷಣ ತಡೆದು, ಮೆಲ್ಲಗೆ ಅರಳಿ, ಅಂಚೆಲ್ಲ ಮೆತ್ತಗಾಗಿ, ಸನಾದಿಯ ಹಾಗೆ ಎಳೆಎಳೆಯಾಗಿ ಹರಿಯಿತು. ನನ್ನದೇ ದನಿ, ನನಗೇ ಗುರುತು ಸಿಗಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ, ದೇವರಾಣೆ, ಮೈಯೆಲ್ಲ ಜುಮ್ಮೆಂದಿತು!

ಗಾಜಿನಾಚೆ ಅಳಗವಾಡಿ ಸರ್ ಕುರ್ಚಿಯಿಂದ ಎದ್ದು ನಿಂತರಂತೆ. ನನಗೆ ಕಂಡದ್ದು ಮಕ್ತುಂನ ಚಪ್ಪಲಿ. ಬಾಗಿಲ ಕಡೆಯಿದ್ದದ್ದು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದು ಮೈಕಿನ ಮುಂದೆ ನಿಂತಿತು. ಅವನು ಹಾಡಿದ. ಈ ಸಲ ಅವನ ದನಿ ನನ್ನ ಮೇಲೆ ಕುಳಿತು ಸಾಗಿತು, ನಾನು ಕೆಳಗಿನಿಂದ ಹೊತ್ತುಕೊಂಡೆ. ರೊಸಾರಿಯೊ ಕೋಲು ಎತ್ತಿಕೊಂಡವನು ಬಾರಿಸುವುದನ್ನೇ ಮರೆತು ಕುಳಿತಿದ್ದ.

ಇಪ್ಪತ್ತೈದು ನಿಮಿಷಕ್ಕೆ ನಾನು ಪೂರ್ತಿ ಸೋತು ಸುಮ್ಮನಾದೆ. ಕೆಟ್ಟುಹೋಯಿತೇನೋ ಎಂದು ಗಾಬರಿಯಾಗಿ ಕಸ್ತೂರಿ ನನ್ನ ಬೆನ್ನು ಬಿಚ್ಚಿದಳು. ಎರಡು ಹೊಸ ಸೆಲ್ಲು, ನಾಲ್ಕು ಹಳೇವು. ಹಳೇವುಗಳ ಮೈಮೇಲೆಲ್ಲ ಹಲ್ಲಿನ ಗುರುತು. ಆ ಹಲ್ಲು ಯಾರದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಅಂಗಡಿಗೆ ಫೋನು ಮಾಡಿದಳು.

"ಹೂನವಾ, ನಾನ ಹಾಕೀನಿ," ಅಂದಳು ಗೌರವ್ವ ಆ ಕಡೆಯಿಂದ, ಬೈಸಿಕೊಳ್ಳಲು ತಯಾರಾಗಿ. "ರೇಡಿಯೊ ಬಂದ್ ಬಿದ್ದಿತ್ತು. ನಿನ್ನ ಡಬ್ಬಿ ಏನ್ ದೇವರ ನಾಮಾ ಹೇಳತೈತೇನ, ಹೊಸಾವು ಹಾಕಾಕ?"

"ಯವ್ವಾ, ಹೇಳಾಕತ್ತೈತಿ," ಅಂದಳು ಕಸ್ತೂರಿ. "ನಾಳೆ ಆ ನಾಲ್ಕೂ ಸೆಲ್ಲು ಮತ್ತ ಬಿಸಲಿಗಿಡು. ಮತ್ತ ಕಚ್ಚು."

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಬೇರೆ ಸೆಲ್ಲು ಹಾಕಿ ನೋಡಿದರು, ಆ ನಾದ ಬರಲಿಲ್ಲ. ಪೂರ್ತಿ ಸತ್ತವು ಹಾಕಿದರು, ಕೆಮ್ಮು ಬಂತು. ಗೌರವ್ವನ ಆ ನಾಲ್ಕೇ ಬೇಕು, ಅವಳ ಮಾಳಿಗೆಯ ಬಿಸಿಲೇ ಬೇಕು, ಅವಳ ದವಡೆಯೇ ಬೇಕು. ಬೆಳಗ್ಗೆ ಎಂಟಕ್ಕೆ ಹಪ್ಪಳದ ಪಕ್ಕ ಸೆಲ್ಲು ಮಲಗುತ್ತಿದ್ದವು. ಕಾಗೆ ಎತ್ತಿಕೊಂಡು ಹೋದೀತೆಂದು ಗೌರವ್ವ ಅಂಗಡಿ ತೆರೆಯುವುದನ್ನೂ ಬಿಟ್ಟು ಕೊಡೆ ಹಿಡಿದು ಕಾಯುತ್ತಿದ್ದಳು. ಹನ್ನೆರಡಕ್ಕೆ ಸರಿಯಾಗಿ ಅವು ಸ್ಟುಡಿಯೊ ಮುಟ್ಟಬೇಕು, ತಣ್ಣಗಾಗುವ ಮೊದಲು ನನ್ನ ಹೊಟ್ಟೆ ಸೇರಬೇಕು.

ಅವನ್ನು ತರಲು ಹೊರಟವನು ಯಾರೆಂದುಕೊಂಡಿರಿ? ರೊಸಾರಿಯೊ. ಯಾರೂ ಹೇಳಿರಲಿಲ್ಲ. ವರ್ಕ್‌ಶಾಪಿನ ದಪ್ಪ ಕೈಗವಸಿನೊಳಗೆ ಬಿಸಿ ಸೆಲ್ಲುಗಳನ್ನಿಟ್ಟು, ಬಾಯಿ ಕಟ್ಟಿ, ಅಂಗಿಯೊಳಗೆ ಸೇರಿಸಿ, ದುರ್ಗದಬೈಲಿನಿಂದ ವಿದ್ಯಾನಗರಕ್ಕೆ ಮೋಟಾರುಬೈಕಿನಲ್ಲಿ ಹಾರಿಬರುತ್ತಿದ್ದ. ಒಳಗೆ ಬಂದವನೇ ಹೆಲ್ಮೆಟ್ ಕೂಡ ತೆಗೆಯದೆ ಡ್ರಮ್ಸಿನ ಹಿಂದೆ ಕೂರುತ್ತಿದ್ದ. ಮೊದಲ ದಿನ ನನಗೆ ಇಪ್ಪತ್ತೈದು ನಿಮಿಷದ ಜೀವ ಇತ್ತು. ಮರುದಿನ ಇಪ್ಪತ್ತೆರಡು. ಅದರ ಮರುದಿನ ಹದಿನೆಂಟು. ಅತ್ತ ಮಕ್ತುಂನ ಗಂಟಲಿಗೆ ಅರ್ಧ ಗಂಟೆ. ಈ ಎರಡು ಗಡಿಯಾರದ ನಡುವೆ ಹಾಡು ಮುಗಿಸಬೇಕು. ಬೆಳಗ್ಗೆಯೆಲ್ಲ ಗೋದಾಮಿನಲ್ಲಿ ನನ್ನನ್ನೂ ಹಾಡುವುದನ್ನೂ ಬಿಟ್ಟು ಬರೇ ವಾದ್ಯದ ರಿಯಾಜು ಮಾಡುವರು, ಸೆಲ್ಲು ಬಂದ ಕೂಡಲೇ ಉಸಿರು ಬಿಗಿಹಿಡಿದು ಒಂದೋ ಎರಡೋ ಸಲ ನುಡಿಸಿ ಮುಗಿಸುವರು. ದಿನಕ್ಕೊಂದು ಹಾಡು. ಎಂಟನೆಯ ದಿನ ಅಕಾಲದ ಮೋಡ ಕವಿದು ಬಿಸಿಲೇ ಬರಲಿಲ್ಲ. ಗೌರವ್ವ ಮಾಳಿಗೆಯ ಮೇಲೆ ನಿಂತು ಆಕಾಶಕ್ಕೆ ಬೈದ ಬೈಗುಳ ನಾಲ್ಕು ಮನೆಗೆ ಕೇಳಿತಂತೆ. ಆ ದಿನ ಹಾಡಿಲ್ಲ.

ಹತ್ತನೆಯ ದಿನಕ್ಕೆ ಐದು ಹಾಡು ಮುಗಿದಿದ್ದವು, ಒಂದು ಉಳಿದಿತ್ತು. ಆ ಹಾಡು ಮಕ್ತುಂನೇ ಬರೆದದ್ದು. ಪಾಟಿ ಹಿಡಿದು ಓಡಾಡುತ್ತಿದ್ದ ದಿನಗಳಲ್ಲಿ, ಅದೇ ಪಾಟಿಯ ಮೇಲೆ. ಐದು ನಿಮಿಷದ ಹಾಡು. ಸೆಲ್ಲುಗಳನ್ನು ಕೈಗೆ ತೆಗೆದುಕೊಂಡ ಕಸ್ತೂರಿಗೆ ಅವುಗಳ ಮೈ ಒಸರುತ್ತಿರುವುದು ಕಂಡಿತು. ಇವತ್ತು ಆರೋ ಏಳೋ ನಿಮಿಷ, ಅಷ್ಟೆ, ನಾಳೆಗೆ ಇವು ಇರುವುದಿಲ್ಲ ಅಂದಳು. ನಾಳೆಗೆ ಸ್ಟುಡಿಯೊವೂ ಇರಲಿಲ್ಲ. ರೊಸಾರಿಯೊ ಕೋಲು ಎತ್ತಿಕೊಂಡ. ಬೆಳಗಾವಿಯವನ ಮಾತು ಅವನು ಎತ್ತಲಿಲ್ಲ, ಆದರೆ ಬೇಡವೆಂದೂ ಹೇಳಿರಲಿಲ್ಲ, ಅದು ಮಕ್ತುಂಗೆ ಗೊತ್ತಿತ್ತು.

ಅಳಗವಾಡಿ ಸರ್ ಕೈ ಬೀಸಿದರು. ಕಸ್ತೂರಿಯ ಹೆಬ್ಬೆರಳು ನನ್ನನ್ನು ಮುಟ್ಟಿತು. ನಾನು ಇದ್ದಬದ್ದ ಕಸುವೆಲ್ಲ ಕೂಡಿಸಿಕೊಂಡು ಎದ್ದೆ. ಒದರುವ ಆಸೆ ಅವತ್ತು ನನಗೆ ಒಂದಿಷ್ಟೂ ಇರಲಿಲ್ಲ. ಇವನನ್ನು ಕೊನೆಯ ಸಾಲಿನವರೆಗೆ ಹೊತ್ತು ಮುಟ್ಟಿಸಿದರೆ ಸಾಕಾಗಿತ್ತು. ಮೊದಲ ನುಡಿ ದಾಟಿದೆವು. ಎರಡನೆಯದೂ ದಾಟಿದೆವು. ಮೂರನೆಯ ನುಡಿಯಲ್ಲಿ ನನ್ನ ದನಿ ಅಲುಗಾಡತೊಡಗಿತು. ಇನ್ನು ಎರಡೇ ಸಾಲು.

ಕೂಗಿದರೆ ಕೇಳದ ಊರೇ,
ಮೆಲ್ಲಗಂದರೆ ಕೇಳುವೆಯಾ?

ಮೊದಲ ಸಾಲಿನ ತುದಿಯಲ್ಲಿ ನಾನು ಸತ್ತೆ. ತಂತಿ ಮಿಡಿಯುತ್ತಲೇ ಇತ್ತು, ನನ್ನಿಂದ ಏನೂ ಹೊರಡಲಿಲ್ಲ. ಹಾಡಿನ ತಳವೇ ಕಿತ್ತುಹೋದಂತಾಯಿತು. ರೊಸಾರಿಯೊ ದಿಕ್ಕುತೋಚದೆ ಕೋಲು ಎತ್ತಿದವನು ಎತ್ತಿದ ಹಾಗೇ ಉಳಿದ. ಬೇಸ್ ಕೂಡ ನಿಂತಿತು. ಇನ್ನು ಹಾಡಿಗೆ ಮಕ್ತುಂನ ದನಿ ಒಂದೇ.

ಆಗ ನಾನು ಕಂಡದ್ದನ್ನು ಬೇರೆ ಯಾರೂ ಕಂಡಿಲ್ಲ, ಯಾಕೆಂದರೆ ಬೇರೆ ಯಾರೂ ನೆಲದ ಮೇಲಿರಲಿಲ್ಲ. ಮಕ್ತುಂನ ಹಿಮ್ಮಡಿಗಳು ಎದ್ದವು. ಆರು ವರ್ಷದ ರೂಢಿ. ಸದ್ದು ಕಡಿಮೆಯಾದರೆ ಗರ್ಜಿಸಿ ತುಂಬಿಕೊಡುವ ರೂಢಿ. ಒಂದೇ ಒಂದು ಗರ್ಜನೆ ಸಾಕಿತ್ತು, ಹಾಡು ಉಳಿಯುತ್ತಿತ್ತು, ಅವನ ದನಿ ಅಲ್ಲಿಗೆ ಮುಗಿಯುತ್ತಿತ್ತು. ಬೇಡ ಮಾರಾಯ, ಬೇಡ ಎಂದು ನಾನು ಚೀರಿದೆ. ಸತ್ತ ಪೆಡಲಿನ ಚೀರಾಟ ಯಾರಿಗೆ ಕೇಳೀತು? ಹಿಮ್ಮಡಿಗಳು ಅರ್ಧ ಗಳಿಗೆ ಗಾಳಿಯಲ್ಲೇ ನಿಂತವು. ಆಮೇಲೆ ಮೆಲ್ಲಗೆ ಇಳಿದು, ನೆಲ ಮುಟ್ಟಿ, ಊರಿಕೊಂಡವು. ಪಾದ ಪೂರ್ತಿ ನೆಲಕ್ಕಿಟ್ಟು ಮಕ್ತುಂ ಕೊನೆಯ ಸಾಲನ್ನು ಮೆಲ್ಲಗೆ ಹಾಡಿದ. ಅವನ ಉಸಿರು ಒಳಗೆ ಹೋಗಿ ಹೊರಗೆ ಬಂದದ್ದೂ ಕೇಳಿತು. ಹಾಡು ಮುಗಿಯಿತು.

ಅಳಗವಾಡಿ ಸರ್ ಯಂತ್ರ ನಿಲ್ಲಿಸಿರಲಿಲ್ಲ. ಗಿಟಾರು ನಿಂತದ್ದು, ಡ್ರಮ್ಸ್ ನಿಂತದ್ದು, ದನಿ ಒಂದೇ ಉಳಿದದ್ದು, ಎಲ್ಲ ಇತ್ತು. ಮತ್ತೊಮ್ಮೆ ಮಾಡೋಣವೇ ಎಂದು ಅವರು ಕೇಳಿದಾಗ ಕಸ್ತೂರಿ ಗಿಟಾರನ್ನು ಕೆಳಗಿಟ್ಟಳು. ರೊಸಾರಿಯೊ ಎದ್ದು ಹೊರಗೆ ಹೋಗಿ, ಬಾಗಿಲು ಮುಚ್ಚದೆಯೇ ಬೆಳಗಾವಿಗೆ ಫೋನು ಮಾಡಿದ.

"ಬರೂದು ಬ್ಯಾಡಪಾ," ಅಂದ. "ನಮಗ ಹಾಡಾಂವ ಸಿಕ್ಕಾನ."

ಮಕ್ತುಂ ಮೈಕಿನ ಕೋಲು ಹಿಡಿದುಕೊಂಡು ನನ್ನ ಪಕ್ಕದಲ್ಲೇ ತಲೆಬಾಗಿ ನಿಂತಿದ್ದ. ನನ್ನ ಹಿತ್ತಾಳೆಯ ಮೇಲೆ ಎರಡು ಹನಿ ಬಿದ್ದವು. ಒರೆಸಿಕೊಳ್ಳಲು ನನಗೆ ಕೈಯಿಲ್ಲ, ಇದ್ದಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ.

ಆಲ್ಬಮ್ಮಿಗೆ 'ಮಾಳಿಗೆಯ ಬಿಸಿಲು' ಎಂದು ಹೆಸರಿಟ್ಟರು. ಬಿಡುಗಡೆಯ ದಿನ ರೈಲ್ವೆ ಕಾಲನಿಯ ಸಭಾಂಗಣ ಕಿಕ್ಕಿರಿದಿತ್ತು. ಕಾರ್ಯಕ್ರಮಕ್ಕೆಂದು ಗೌರವ್ವ ರೇಡಿಯೊದಲ್ಲಿ ಸೋತ ಬೇರೆ ನಾಲ್ಕು ಸೆಲ್ಲುಗಳನ್ನು ಎರಡು ವಾರ ಬಿಸಿಲಿಗಿಟ್ಟು ಕಚ್ಚಿ ಕಚ್ಚಿ ಹದಕ್ಕೆ ತಂದಿದ್ದಳು, ಅವಳ ದವಡೆಯ ಹಲ್ಲೊಂದು ಅಲುಗಾಡತೊಡಗಿತ್ತು. ಕರಿ ಅಂಗಿ ತೊಟ್ಟು ತಲೆ ಕೊಡವಲು ಬಂದವರಿಗೆ ಮೊದಲ ಹಾಡಿನಲ್ಲೇ ಇರುಸುಮುರುಸಾಯಿತು. ಹಳೇ ಹಾಡು ಬೇಕೆಂದು ಕೆಲವರು ಕೂಗಿದರು, ಕೆಲವರು ಎದ್ದು ಹೋದರು. ಉಳಿದವರು ಮೂರನೆಯ ಹಾಡಿಗೆ ಸುಮ್ಮನಾದರು. ಕೊನೆಯ ಹಾಡಿನಲ್ಲಿ ಕಸ್ತೂರಿ ಬೇಕೆಂದೇ ನನ್ನ ಮೇಲಿನಿಂದ ಕಾಲು ತೆಗೆದು ತಂತಿಗೆ ಕೈ ಅಡ್ಡಹಿಡಿದಳು. ರೊಸಾರಿಯೊ ಕೋಲು ಎತ್ತಿ ಹಿಡಿದ. ಗದ್ದಲದ ರೂಢಿಯಿದ್ದ ಆ ಸಭೆಯೆದುರು ಮಕ್ತುಂ ಒಬ್ಬನೇ ಕೊನೆಯ ಸಾಲು ಎತ್ತಿಕೊಂಡ. ಆಮೇಲೆ ಎಲ್ಲಿಂದಲೋ ಒಬ್ಬರು, ಆಮೇಲೆ ನಾಲ್ವರು, ಆಮೇಲೆ ಇಡೀ ಸಭಾಂಗಣ ಆ ಸಾಲನ್ನು ಮಕ್ತುಂನ ಜೊತೆ ಹಾಡಿತು, ಮೆಲ್ಲಗೆ. ನೆಲ ನಡುಗುವುದಕ್ಕೆ ಕೂಗೇ ಬೇಕಿಲ್ಲ ಎಂದು ನನ್ನ ತಳಕ್ಕೆ ಗೊತ್ತಾದದ್ದು ಆಗ.

ಆಲ್ಬಂ ದೂರದೂರದವರೆಗೆ ಹೋಯಿತು. ಆ ಗಿಟಾರಿನ ನಾದ ಯಾವ ಪೆಡಲಿನದು ಎಂದು ಕೇಳಿಕೊಂಡು ಪುಣೆಯಿಂದ ಒಬ್ಬ ಬಂದ. ಪಾಲಿಶ್ ಮಾಡಿದ ಬೂಟು, ಅದರ ಮೇಲೆ ಹುಬ್ಬಳ್ಳಿಯ ಧೂಳು ಕೂರದ ಹಾಗೆ ಹುಷಾರಾಗಿ ನಡೆಯುವವ. ಬಲು ಗೋಗರೆದು ನನ್ನನ್ನು ಎರಡು ತಿಂಗಳಿಗೆ ಒಯ್ದ. ಕಳಿಸುವಾಗ ಕಸ್ತೂರಿ ಏನನ್ನೂ ಮುಚ್ಚಿಡಲಿಲ್ಲ. ಸೆಲ್ಲು ಬಿಸಿಲಿಗಿಡಬೇಕು, ಆಮೇಲೆ ಕಚ್ಚಬೇಕು ಎಂದು ಸರಿಯಾಗಿ ಹೇಳಿಕೊಟ್ಟಳು. ಗುಟ್ಟು ಬಿಟ್ಟುಕೊಡದೆ ತನಗೆ ಟೋಪಿ ಹಾಕುತ್ತಿದ್ದಾಳೆಂದು ಅವನು ನಕ್ಕುಬಿಟ್ಟ. ಪುಣೆಯಲ್ಲಿ ನನ್ನ ಕರುಳನ್ನೆಲ್ಲ ಹೊರಗೆಳೆದು, ಅಳೆದು, ನಕ್ಷೆ ಬರೆದುಕೊಂಡು, ಅತ್ಯುತ್ತಮ ಹೊಸ ಸೆಲ್ಲು ಹಾಕಿ ಒತ್ತಿದ. ನಾನು ಹಳೇ ಗತ್ತಿನಲ್ಲಿ ಗೋಡೆ ನಡುಗುವಂತೆ ಒದರಿದೆ. ಎಷ್ಟು ದಿನದ ಮೇಲೆ ಹೊಟ್ಟೆ ತುಂಬ ಒದರಿದ್ದೆ! ಅವನ ಮುಖ ಸಣ್ಣದಾಯಿತು. ಎರಡು ತಿಂಗಳು ಅಂದವನು ಹತ್ತೇ ದಿನಕ್ಕೆ ನನ್ನನ್ನು ಪಾರ್ಸೆಲ್ ಮಾಡಿ ವಾಪಸು ಕಳಿಸಿದ.

ಅದೆಲ್ಲ ಆಗಿ ಇಪ್ಪತ್ತು ವರ್ಷವಾಯಿತು. ಕರಿ ಎಂಜಿನ್ ಈಗ ಓಡುವುದಿಲ್ಲ. ರೊಸಾರಿಯೊ ರಿಟೈರಾಗಿದ್ದಾನೆ, ಮೊಣಕಾಲು ನೋವಂತೆ. ಕಸ್ತೂರಿ ಧಾರವಾಡದಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಾಳೆ. ನನ್ನ ಗುಂಡಿ ಸವೆದಿದೆ, ಒಂದು ಕಿವಿ ಸಡಿಲ. ನಾನಿರುವುದು ದುರ್ಗದಬೈಲಿನ ಮನೆಯಲ್ಲಿ, ಗೌರವ್ವನ ರೇಡಿಯೊ ಪಕ್ಕದ ಗೋಡೆಗೂಡಿನಲ್ಲಿ. ಗೌರವ್ವನಿಗೆ ಎಂಬತ್ತು ದಾಟಿದೆ, ಹಲ್ಲಿಲ್ಲ, ಹಾಗಾಗಿ ಸೆಲ್ಲು ಕಚ್ಚುವ ಕಾರ್ಯಕ್ರಮ ನಿಂತಿದೆ. ಪ್ರತಿ ವರ್ಷ ದಸರೆಯ ಆಯುಧ ಪೂಜೆಗೆ ಕಸ್ತೂರಿ ಬಂದು, ನನ್ನನ್ನು ಒರೆಸಿ, ಕುಂಕುಮ ಹಚ್ಚಿ, ಆರು ಹೊಸ ಸೆಲ್ಲು ಹಾಕಿ ಹೋಗುತ್ತಾಳೆ. ನುಡಿಸುವುದಿಲ್ಲ. ಆಯುಧ ಹಸಿದಿರಬಾರದು ಎಂದು.

ಈ ವರ್ಷದ ದಸರೆಯ ನಾಲ್ಕನೆಯ ದಿನ, ಬೆಳಗ್ಗೆ ಎಂಟಕ್ಕೆ, ರೇಡಿಯೊ ಒಂದು ಹೆಸರು ಹೇಳಿತು. ಈಗ ಮಕ್ತುಂ ನದಾಫ್ ಅವರಿಂದ ಭಾವಗೀತೆಗಳು. ಗೌರವ್ವ ಚಹಾದ ಬಟ್ಟಲು ಕೆಳಗಿಟ್ಟು ಕಿವಿ ಹತ್ತಿರ ತಂದಳು. ಹಾರ್ಮೋನಿಯಂ, ತಬಲಾ, ಅವುಗಳ ಮೇಲೆ ಆ ದನಿ. ತೆಳ್ಳಗೆ, ನುಣ್ಣಗೆ, ಎಲ್ಲೂ ಬಿರುಕಿಲ್ಲ. ಎರಡನೆಯ ಹಾಡು ಯಾವುದೆಂದು ಮೊದಲ ಸ್ವರಕ್ಕೇ ನನಗೆ ತಿಳಿಯಿತು. ಮೂರನೆಯ ನುಡಿ ಬಂತು. ಕೂಗಿದರೆ ಕೇಳದ ಊರೇ ಎಂಬಲ್ಲಿಗೆ ರೇಡಿಯೊ ಕುಯ್ಯೆಂದು ಸೊರಗಿ ಸುಮ್ಮನಾಯಿತು.

ಗೌರವ್ವನ ಕಣ್ಣು ನನ್ನ ಮೇಲೆ ಬಿತ್ತು.

ನನ್ನನ್ನು ಎತ್ತಿಕೊಂಡು ಬೆನ್ನು ತೆರೆದಳು. ಮೊದಲ ಸಲ ಅವಳು ಕಿತ್ತುಕೊಂಡಾಗ ನಾನು ಎಷ್ಟು ಬೈದಿದ್ದೆನೋ ನೆನಪಾಯಿತು. ಈ ಸಲ, ತೆಗೆದುಕೋ ಗೌರವ್ವ, ಬೇಗ ತೆಗೆದುಕೋ, ಇನ್ನೊಂದು ಸಾಲು ಉಳಿದಿದೆ ಎಂದು ಒಳಗೊಳಗೇ ಅವಸರ ಮಾಡಿದೆ. ಒಂದು, ಎರಡು, ಮೂರು, ನಾಲ್ಕು. ನನ್ನ ಹೊಟ್ಟೆಯಿಂದ ಹೋಗಿ ರೇಡಿಯೊದ ಹೊಟ್ಟೆ ಸೇರಿದವು. ನಾನು ಖಾಲಿಯಾದೆ. ಪುಣ್ಯಕ್ಕೆ ಭಾವಗೀತೆಯವರು ಕೊನೆಯ ಸಾಲನ್ನು ಮೂರು ನಾಲ್ಕು ಸಲ ತಿರುಗಿಸಿ ಹಾಡುತ್ತಾರೆ. ಮಕ್ತುಂ ಮೆಲ್ಲಗೆ ಕೇಳಿದ ಪ್ರಶ್ನೆ ಮನೆ ತುಂಬ ಕೇಳಿತು.

"ಕೇಳತೈತಿ ತಮ್ಮಾ," ಅಂದಳು ಗೌರವ್ವ ರೇಡಿಯೊಕ್ಕೆ. "ಛಲೋ ಕೇಳತೈತಿ."